ಎತ್ತಿನ ದಲಾಲಿ ಬಾಬಾಜಾನ ಮತ್ತು ಕತ್ತಲ ಹಡಗಿನ ಗಿರಾಕಿ

ಬಾಬಾಜಾನನ ಮುಖದ ಮೇಲೆ ನೊಣ ಕೂತರೆ, ತಾನು ಕೂತಿರುವುದು ಮನುಷ್ಯನ ಮೇಲೋ ಗೋಡೆಯ ಮೇಲೋ ಎಂದು ಆ ನೊಣಕ್ಕೇ ಅನುಮಾನ ಬರುತ್ತಿತ್ತು. ಇದು ಸಂತೆಯವರ ಮಾತು, ನನ್ನದಲ್ಲ. ನಾನು ಜಟ್ಟೆಪ್ಪ, ರಾಣೆಬೆನ್ನೂರಿನಲ್ಲಿ ರೇಡಿಯೊ, ಟೇಪ್‌ರೆಕಾರ್ಡರು, ಟಿ.ವಿ. ರಿಪೇರಿ ಮಾಡಿ ಬದುಕಿದವನು. ಹಿಂದಿನ ಮುಚ್ಚಳ ಬಿಚ್ಚಿದರೆ ಎಂಥ ಪೆಟ್ಟಿಗೆಯ ರೋಗವೂ ನನಗೆ ತಿಳಿಯುತ್ತದೆ. ಬಾಬಾಜಾನನಿಗೆ ಮುಚ್ಚಳವೇ ಇರಲಿಲ್ಲ. ಅವನ ಒಳಗೇನಿದೆ ಎಂದು ನಾನು ಪೂರ್ತಿ ಕಂಡದ್ದು ಒಂದೇ ಒಂದು ಸಲ, ಅದೂ ಟಿ.ವಿ.ಯ ಗಾಜಿನಲ್ಲಿ.

ಅವನ ಊರು ಹಲಗೇರಿ, ಕಸುಬು ಎತ್ತಿನ ದಲಾಲಿ. ಗುರುವಾರ ಬಂತೆಂದರೆ ಹಾವೇರಿಯ ದನದ ಸಂತೆಯಲ್ಲಿ ಹಾಜರ್. ಆ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ದಲಾಲಿಯೂ ಎದುರಿನವನೂ ಕೈ ಕುಲುಕುವವರ ಹಾಗೆ ಕೈ ಹಿಡಿದು, ಮೇಲೆ ಒಂದು ಟವೆಲ್ ಹೊದಿಸಿಬಿಡುತ್ತಾರೆ. ಟವೆಲ್ ಅಡಿಯಲ್ಲಿ ಬೆರಳು ಹಿಡಿದರೆ ಒಂದು ಬೆಲೆ, ಗೆಣ್ಣು ಒತ್ತಿದರೆ ಇನ್ನೊಂದು. ಕೈ ಕಾಣುವುದಿಲ್ಲವಲ್ಲ, ಹಾಗಾಗಿ ಸುತ್ತ ನಿಂತ ಹತ್ತು ಜನ ದಲಾಲಿಯ ಮುಖ ನೋಡುತ್ತಾರೆ. ಹುಬ್ಬು ಒಂದು ಕೂದಲೆಳೆಯಷ್ಟು ಏರಿದರೂ ಸಾಕು, ಗುಟ್ಟು ರಟ್ಟು. ಇಂಥ ಕಡೆ ಬಾಬಾಜಾನನ ಮುಖ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಅಲುಗಾಡಿರಲಿಲ್ಲ. ಅದಕ್ಕೇ ಸುತ್ತಲ ಹಳ್ಳಿಯ ರೈತರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಇಬ್ಬರೂ ಹೋಗಿದ್ದೆವು. ಮಾಲು ರಾಶಿ ರಾಶಿ ಬಂದ ದಿನ. ನಾನು ಹನ್ನೊಂದು ಸಲ ಸೀನಿದೆ. ಅಲ್ಲಿಯೇ ಹುಟ್ಟಿ ಬೆಳೆದ ಹಮಾಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಬಾಬಾಜಾನ ಮಾತ್ರ ಕೆಂಪು ರಾಶಿಯ ನಡುವೆ ನಿಂತು ಎತ್ತಿನ ಹಲ್ಲಿನ ವಿಚಾರ ಮಾತಾಡಿದ. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು, ಮುಖಕ್ಕೆ ಮಾತ್ರ ಅದರ ಸುದ್ದಿಯೇ ಮುಟ್ಟಿರಲಿಲ್ಲ.

ಇಂಥವನೊಂದಿಗೆ ಸಂಸಾರ ಮಾಡುವುದು ಸುಲಭವೇ? ಅವನ ಹೆಂಡತಿ ಮಹಮೂದಾಬೇಗಂ ಒಂದು ದಿನ ನನ್ನ ಅಂಗಡಿಯಲ್ಲೇ ಹೇಳಿದ್ದಳು.

“ಜಟ್ಟೆಪ್ಪಣ್ಣಾರ, ಲಗ್ನ ಆಗಿ ಹದಿನಾಲ್ಕ ವರ್ಷ ಆತು. ಈ ಮನಿಶ್ಯಾಗ ನಾ ಮಾಡಿದ ಅಡಗಿ ಸೇರತೈತೋ ಇಲ್ಲೋ, ಇವತ್ತಿನ ತನಕ ನನಗ ಗೊತ್ತಿಲ್ಲ. ಹೊಸಾ ಸೀರಿ ಉಟ್ಟರೂ ಅದ ಮಾರಿ, ಹಾಲು ಉಕ್ಕಿ ಒಲಿ ಆರಿದರೂ ಅದ ಮಾರಿ.”

ಅವಳ ಅಡುಗೆಯ ರುಚಿ ನನಗೆ ಗೊತ್ತಿತ್ತು. ಗಂಡನಿಗೆ ತಂದ ಡಬ್ಬಿಯಿಂದ ಒಂದು ಸಲ ಬೇಳೆಸಾರು ಹಾಕಿಸಿಕೊಂಡಿದ್ದೆ. ಒಂದು ತುತ್ತಿಗೆ ಎರಡು ಚೆಂಬು ನೀರು ಕುಡಿದೆ. ಅಷ್ಟು ಉಪ್ಪು. ಬಾಬಾಜಾನ ಅದನ್ನೇ ಸುರಿದುಕೊಂಡು ತಟ್ಟೆ ತೊಳೆದಿಟ್ಟ. ಅವರ ಮನೆಯ ರುಚಿಯೇ ಹಾಗಿರಬೇಕು ಎಂದುಕೊಂಡು ಸುಮ್ಮನಾದೆ. ಮತ್ತೊಬ್ಬರ ಮನೆಯ ಉಪ್ಪಿನ ವಿಚಾರ ನನಗೇಕೆ?

೧೯೮೮ರಲ್ಲಿ ಮಹಮೂದಾಬೇಗಂಳ ತಮ್ಮ ಅಬ್ದುಲರಜಾಕ ದುಬೈಯಿಂದ ಬಂದ. ಎಲ್ಲರೂ ಅಕ್ಕಂದಿರಿಗೆ ಕಂಬಳಿ, ಸೆಂಟು ತರುತ್ತಾರೆ. ಈ ಪುಣ್ಯಾತ್ಮ ಕಂಪ್ಯೂಟರ್ ತಂದ. ತೆಳ್ಳನೆಯ ಕರಿ ಹಲಗೆ, ಅದರ ಮೇಲೆ ರಬ್ಬರಿನ ಗುಂಡಿಗಳು, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿದ್ದವು. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. “ಅಕ್ಕಾ, ಇದು ಟಿ.ವಿ.ಗೆ ಹಚ್ಚೂದು. ಏನ ಬೇಕಾದ್ದು ಬರತೈತಿ” ಎಂದು ಹೇಳಿ ಎಂಟು ದಿನ ಬಿರಿಯಾನಿ ತಿಂದು ಹೊರಟುಹೋದ. ಏನು ಬರುತ್ತದೆ, ಹೇಗೆ ಬರುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಬಾಬಾಜಾನ ಅದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ತಂದ.

ಪರದೇಶದ ಪೆಟ್ಟಿಗೆಗೂ ನಮ್ಮ ಟಿ.ವಿ.ಗೂ ಹೊಂದಾಣಿಕೆ ಇಲ್ಲ. ಒಳಗೆ ಬಿಚ್ಚಿ, ಅಲ್ಲಿ ಬೆಸೆದು, ಇಲ್ಲಿ ತಿರುಗಿಸಿ, ಎರಡು ದಿನದ ಮೇಲೆ ಪರದೆಯ ಮೇಲೆ ನಾಲ್ಕು ಅಕ್ಷರ ತಂದೆ. ಇದನ್ನು ಹಾವೇರಿ ಜಿಲ್ಲೆಯಲ್ಲಿ ಇನ್ನಾರು ಮಾಡುತ್ತಿದ್ದರು? ಆಗ ಹಾವೇರಿ ಜಿಲ್ಲೆಯೇ ಆಗಿರಲಿಲ್ಲ, ಆ ಮಾತು ಬೇರೆ. ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿ ವೈರು ಕೊಟ್ಟರೆ, ಐದು ನಿಮಿಷ ಕಿರ್ರೋ ಎಂದು ಕಿರುಚಿದ ಮೇಲೆ ಆಟ ಬರುತ್ತಿತ್ತು. ಎದುರಿನ ಚಹದಂಗಡಿಯವನು ಓಡಿಬಂದು ಏನು ಕುಯ್ಯುತ್ತಿದ್ದೀರಿ ಎಂದು ಕೇಳಿದ. ಅವನಿಗೆ ವಿಜ್ಞಾನ ಎಂದೆ.

ಕ್ಯಾಸೆಟ್ಟಿನ ಚೀಟಿಯಲ್ಲಿದ್ದ ಇಂಗ್ಲಿಷನ್ನು ಡಿಕ್ಷನರಿ ಹಿಡಿದು ನಾನೇ ಬಿಡಿಸಿದೆ. ನಕ್ಷತ್ರಗಳ ನಡುವೆ ಒಂದು ಹಡಗು ಕೆಟ್ಟು ನಿಂತಿದೆ. ಅದರಲ್ಲಿದ್ದ ಮೂವತ್ತು ಜನ ಈಗಿಲ್ಲ. ನಿದ್ದೆಯಿಂದ ಎಚ್ಚರಾದವನು ನೀನೊಬ್ಬ. ನಿನ್ನೊಂದಿಗೆ ಇನ್ನೊಂದು ಏನೋ ಎಚ್ಚರಾಗಿದೆ. ಕತ್ತಲಲ್ಲಿ ಒಂಬತ್ತು ಬಾಗಿಲು ದಾಟಿ ಕೊನೆಯ ಕೋಣೆಯ ದೀಪ ಹಚ್ಚಬೇಕು. ತುಂಗಭದ್ರೆಯ ಹರಿಗೋಲು ಬಿಟ್ಟರೆ ನಾವಿಬ್ಬರೂ ನೀರಿನ ಹಡಗನ್ನೇ ಕಂಡವರಲ್ಲ, ಇದು ಆಕಾಶದ ಹಡಗು.

ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲವೆಂದು ಅಂಗಡಿಯ ಶಟರು ಅರ್ಧ ಇಳಿಸಿದೆ. ಕಪ್ಪು ಪರದೆ, ಬಿಳಿ ಗೆರೆಯ ಓಣಿ, ದೂರದಲ್ಲೊಂದು ಬಾಗಿಲು. ಸದ್ದು ಒಂದೇ, ಟುಂಕ್, ಟುಂಕ್. ಆ ಎಚ್ಚರಾದ ಇನ್ನೊಂದು ಹತ್ತಿರ ಬಂದಂತೆ ಟುಂಕ್ ಟುಂಕ್ ಟುಂಕ್ ಎಂದು ಜೋರಾಗುತ್ತಿತ್ತು. ಬಾಬಾಜಾನ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುತ್ತಾ ಹೊರಟ. ಎರಡು ಬಾಗಿಲು ದಾಟಿದ. ಮೂರನೆಯದನ್ನು ತೆರೆದ ಕೂಡಲೇ ಪರದೆಯ ತುಂಬ ಒಂದು ಬಿಳಿ ಮುಖ ಧಡಕ್ಕನೆ ಬಂತು. ಕಣ್ಣಿರಬೇಕಾದಲ್ಲಿ ಎರಡು ತೂತು, ಬಾಯಿರಬೇಕಾದಲ್ಲಿ ಇನ್ನೂ ದೊಡ್ಡ ತೂತು.

“ಅಮ್ಮಾ!” ಎಂದು ಕಿರುಚಿ ಬಾಬಾಜಾನ ಸ್ಟೂಲಿನಿಂದ ಹಿಂದಕ್ಕೆ ಬಿದ್ದ. ಬಿದ್ದವನು, ನಾನು ನಾಲ್ಕು ದಿನ ಕಷ್ಟಪಟ್ಟು ಸರಿ ಮಾಡಿದ್ದ ಒಂದು ರೇಡಿಯೊವನ್ನೂ ಬೀಳಿಸಿದ. ಅದರ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ದುರದೃಷ್ಟವೆಂದರೆ, ಅದೇ ಹೊತ್ತಿಗೆ ಶಟರಿನ ಕೆಳಗೆ ಬಗ್ಗಿ ಒಳಬಂದವನು ಕುಪ್ಪೇಲೂರಿನ ಮೈಲಾರೆಪ್ಪ, ಅದೇ ಹಾವೇರಿ ಸಂತೆಯ ಎತ್ತಿನ ದಲಾಲಿ. ಬಾಬಾಜಾನನ ದೆಸೆಯಿಂದ ಹತ್ತು ವರ್ಷ ಎರಡನೆಯ ನಂಬರಿನಲ್ಲೇ ಉಳಿದವನು. ಬಿದ್ದ ರೇಡಿಯೊ ಅವನದೇ. ಆದರೂ ಅವನು ರೇಡಿಯೊ ಕಡೆ ನೋಡಲಿಲ್ಲ. ಬಾಬಾಜಾನನ ಮುಖವನ್ನೇ ಕಣ್ತುಂಬ ನೋಡಿದ.

“ಏ ಬಾಬಾಜಾನ, ನಿನ್ನ ಮಾರಿನೂ ಅಳ್ಳಾಡತೈತಿ ಅಲ್ಲೋ!” ಎಂದು ನಕ್ಕವನು ಬಸ್ ಸ್ಟ್ಯಾಂಡಿನವರೆಗೂ ನಗುತ್ತಲೇ ಹೋದ.

ಮುಂದಿನ ಗುರುವಾರ ಹಾವೇರಿ ಸಂತೆಯಲ್ಲಿ ಬಾಬಾಜಾನ ಟವೆಲ್ ಹೊದಿಸಿ ಒಂದು ಜೋಡಿ ಎತ್ತಿನ ಮಾತು ಶುರು ಮಾಡಿದ. ಹಿಂದಿನಿಂದ ಮೆಲ್ಲಗೆ ಒಂದು ಸದ್ದು ಬಂತು: “ಟುಂಕ್... ಟುಂಕ್...” ಮೈಲಾರೆಪ್ಪನ ಬಾಯಿ ಅದು. ಬಾಬಾಜಾನನ ಎಡಹುಬ್ಬು ಕುಣಿಯಿತು. ಎದುರಿನವನು ಹುಬ್ಬು ನೋಡಿದ, ಓಹೋ, ಇವನಿಗೆ ಅವಸರವಿದೆ ಎಂದುಕೊಂಡು ಕೈ ಬಿಗಿ ಮಾಡಿದ. ವ್ಯಾಪಾರ ಮುರಿಯಿತು. ಅದರ ಮುಂದಿನ ವಾರ ಸಂತೆಯ ಅರ್ಧ ಜನ ಟುಂಕ್ ಎನ್ನುತ್ತಿದ್ದರು. ಅವನ ಕಾಯಂ ರೈತರು ಎತ್ತು ಹಿಡಿದುಕೊಂಡು ಮೈಲಾರೆಪ್ಪನ ಕಡೆ ನಡೆದರು.

“ಜಟ್ಟೆಪ್ಪಾ, ನನ್ನ ಅಂಗಡಿ ಅಂದ್ರ ನನ್ನ ಮಾರಿ. ಅದ ಬಾಗಲ ಹಾಕಿತಂದ್ರ ನಾ ಏನ ಮಾಡ್ಲಿ?” ಎಂದ ಬಾಬಾಜಾನ. ಮುಖ ಎಂದಿನಂತೆ ಸುಮ್ಮನಿತ್ತು, ದನಿ ಮಾತ್ರ ಒಡೆದಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು. ಪೆಟ್ಟಿಗೆಗೆ ಜೀವ ಕೊಟ್ಟವನು ನಾನೇ ಅಲ್ಲವೇ?

“ಮೈಲಾರೆಪ್ಪ ಏನ ಅಂದಾನ ಗೊತ್ತೈತೇನು?” ಅವನೇ ಮುಂದುವರಿಸಿದ. “ಈ ಶನಿವಾರ ಬಿಟ್ಟು ಮುಂದಿನ ಶನಿವಾರ ದಲಾಲಿ ಮಂದಿ ಎಲ್ಲಾ ನಿನ್ನ ಅಂಗಡಿಗೆ ಬರ್ತಾರ. ಅವರ ಮುಂದ ಆ ಹಡಗ ಕಡೀತನಕ ದಾಟಸಬೇಕಂತ. ಮಾರಿ ಅಳ್ಳಾಡಲಿಲ್ಲಂದ್ರ ಇನ್ನ ಯಾರೂ ಟುಂಕ್ ಅನ್ನೂದಿಲ್ಲ. ಅಳ್ಳಾಡ್ತಂದ್ರ ನಾ ಹಾವೇರಿ ಸಂತಿ ಬಿಡಬೇಕು.”

“ನೀ ಏನಂದಿ?”

“ಹೂಂ ಅಂದೇನಿ.”

ಹನ್ನೊಂದು ದಿನ ಕೈಯಲ್ಲಿದ್ದವು. ಊಟದ ಹೊತ್ತಿಗೆ ಸರಿಯಾಗಿ ಬಾಬಾಜಾನ ಬರುತ್ತಿದ್ದ, ನಾನು ಶಟರು ಇಳಿಸುತ್ತಿದ್ದೆ, ಪೆಟ್ಟಿಗೆ ಐದು ನಿಮಿಷ ಕಿರುಚುತ್ತಿತ್ತು. ಅದಕ್ಕೆ ಕರೆಂಟು ಕೊಡುವ ಪಿನ್ನು ಸಡಿಲ. ವೈರು ಒಂಚೂರು ಅಲ್ಲಾಡಿದರೂ ಎಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ ಕಿರುಚಿಸಬೇಕು. ಹಾಗಾಗಿ ಡಬ್ಬಿ ತಂದ ಮಹಮೂದಾಬೇಗಂ ಟಿ.ವಿ.ಯ ಪಕ್ಕ ನೆಲದ ಮೇಲೆ ಕೂತು ಬೆರಳಲ್ಲಿ ವೈರು ಒತ್ತಿ ಹಿಡಿಯುತ್ತಿದ್ದಳು. ಅಲ್ಲಿಂದ ಅವಳಿಗೆ ಪರದೆ ಕಾಣುತ್ತಿರಲಿಲ್ಲ, ಗಂಡನ ಮುಖ ಮಾತ್ರ ಕಾಣುತ್ತಿತ್ತು. ಅದು ಅವಳಿಗೆ ಸಿನಿಮಾಕ್ಕಿಂತ ಹೆಚ್ಚಾಯಿತು. ಅವನು ಬೆಚ್ಚಿದಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

“ಇವರಿಗೆ ಅಂಜಿಕಿ ಐತಿ, ಜಟ್ಟೆಪ್ಪಣ್ಣಾರ! ನೋಡ್ರಿ, ನೋಡ್ರಿ, ಮೂಗು ಸೈತ ಅಳ್ಳಾಡತೈತಿ!”

“ಬೇಗಂ, ಬಾಯಿ ಮುಚ್ಚ” ಎನ್ನುತ್ತಿದ್ದ ಬಾಬಾಜಾನ.

ನಾಲ್ಕನೆಯ ದಿನ ಅವನು ಗುಂಡಿಗಳ ಮೇಲೆ ಟವೆಲ್ ಹೊದಿಸಿ, ಕೈ ಅದರಡಿಗೆ ಹಾಕಿದ.

“ಇದೇನೋ?” ಎಂದೆ.

“ಇದೂ ಒಬ್ಬ ಗಿರಾಕಿನ. ಟವಲ್ ಇಲ್ದ ನಾ ಯಾವ ಗಿರಾಕಿ ಕೂಡನೂ ಮಾತಾಡಿಲ್ಲ.”

ಅಂದಿನಿಂದ ಆ ಬಿಳಿ ಮುಖದ ಹೆಸರು ಗಿರಾಕಿ ಎಂದೇ ಆಯಿತು. ನಾನು ನಕ್ಕೆ. ಆದರೆ ಟವೆಲ್ ಬಿದ್ದ ಮೇಲೆ ಅವನ ಆಟದ ಗತಿಯೇ ಬದಲಾಯಿತು. ಅಲ್ಲಿಯವರೆಗೆ ನಾವಿಬ್ಬರೂ ಟುಂಕ್ ಜೋರಾದ ಕೂಡಲೇ ಗುಂಡಿ ಒತ್ತಿ ಓಡುತ್ತಿದ್ದೆವು, ಸಾಯುತ್ತಿದ್ದೆವು. ಅವನು ಓಡುವುದನ್ನು ಬಿಟ್ಟ. ಟುಂಕ್ ಜೋರಾಯಿತೆಂದರೆ ಬೆರಳು ಎತ್ತದೆ ಇಳಿಸದೆ ಸುಮ್ಮನೆ ನಿಲ್ಲಿಸುತ್ತಿದ್ದ. ಏನಾಶ್ಚರ್ಯ, ಗಿರಾಕಿ ಹತ್ತಿರ ಬಂದು, ಪರದೆಯ ತುಂಬ ನಿಂತು, ಇವನು ಅಲುಗಲಿಲ್ಲವೆಂದು ಬೇಸತ್ತು ಹಿಂದಕ್ಕೆ ಹೋಗುತ್ತಿತ್ತು! ಇಂಗ್ಲಿಷ್ ಚೀಟಿಯನ್ನು ಮೂರು ಸಲ ಓದಿದ ನನಗೆ ತಿಳಿಯದ್ದು ಅವನಿಗೆ ತಿಳಿದಿತ್ತು.

“ಗಿರಾಕಿ ಮಾರಿಗೆ ಮಾರಿ ಹಚ್ಚಿ ನಿಂತಾಗ ಅವಸರ ಮಾಡಬಾರದೋ ಜಟ್ಟೆಪ್ಪ. ಕೈ ಸುಮ್ಮನ ಬಿಡಬೇಕು. ಆಂವ ತಾನ ಹೋಕ್ಕಾನ.”

ಕೈ ಗೆದ್ದಿತು. ಮುಖ ಗೆಲ್ಲಲಿಲ್ಲ. ಎಂಟನೆಯ ಬಾಗಿಲಿನವರೆಗೆ ಮುಟ್ಟಿದರೂ, ಗಿರಾಕಿ ಬಂದಾಗಲೆಲ್ಲ ಬೆರಳು ಅಲುಗುತ್ತಿರಲಿಲ್ಲ, ಮುಖ ಮಾತ್ರ ಅಳುವ ಕೂಸಿನದಾಗುತ್ತಿತ್ತು. ನಿಂಬೆಹಣ್ಣು ಕಚ್ಚಿಸಿ ಕೂಡಿಸಿದೆ. ಎಲೆ ಅಡಿಕೆ ತುಂಬಿಸಿ ಕೂಡಿಸಿದೆ, ಎಲೆಯ ರಸವೆಲ್ಲ ನನ್ನ ಟಿ.ವಿ.ಗೆ ಸಿಡಿಯಿತು. ಹನ್ನೊಂದು ದಿನ ಮುಗಿದವು.

ಶನಿವಾರ ಮಧ್ಯಾಹ್ನ ಮೈಲಾರೆಪ್ಪ ನಾಲ್ಕು ಜನ ದಲಾಲಿಗಳನ್ನು ಕರೆದುಕೊಂಡು ಬಂದ. ಎಲ್ಲರೂ ಬಿಳಿ ಟೋಪಿ, ಬಿಳಿ ಧೋತರ, ಪಂಚಾಯ್ತಿಗೆ ಬಂದವರ ಗತ್ತು. ಕರಾರು ಹೀಗಿತ್ತು: ಐವರೂ ಟಿ.ವಿ.ಯ ಬದಿಗೆ, ಬಾಬಾಜಾನನಿಗೆ ಮುಖ ಮಾಡಿ ಕೂರಬೇಕು, ಕಣ್ಣು ಕೀಳಬಾರದು. ಮಹಮೂದಾಬೇಗಂ ವೈರು ಒತ್ತಿಕೊಂಡು ತನ್ನ ಜಾಗದಲ್ಲಿ ಕೂತಳು. ನಾನು ಟೇಪ್‌ರೆಕಾರ್ಡರ್ ಹತ್ತಿರ, ಬಾಬಾಜಾನನ ಹೆಗಲ ಹಿಂದೆ. ಪೆಟ್ಟಿಗೆ ಕಿರುಚಿತು. ಬಾಬಾಜಾನ ಬಿಸ್ಮಿಲ್ಲಾ ಎಂದು ಟವೆಲ್ ಹೊದಿಸಿದ.

ಮೊದಲ ಬಾಗಿಲು, ಎರಡನೆಯದು. ಟುಂಕ್, ಟುಂಕ್. ಐದು ಜನರೂ ಮುಖವನ್ನೇ ನೋಡುತ್ತಿದ್ದರು. ಮೂರನೆಯ ಬಾಗಿಲಿಗೆ ಸರಿಯಾಗಿ ಒಬ್ಬ ದಲಾಲಿ ಕೆಮ್ಮಿದ.

“ಅಲ್ಲಿ ಏನ ನಡದೈತಿ ಒಂದ ಚೂರ ನೋಡತೇನಿ. ಬರೇ ಸಪ್ಪಳ ಕೇಳಾಕತ್ತೈತಿ” ಎಂದು ಎದ್ದು ಈ ಕಡೆ ಬಂದ. ಬಂದವನು ಹೋಗಲಿಲ್ಲ. ನಾಲ್ಕನೆಯ ಬಾಗಿಲಿಗೆ ಮತ್ತಿಬ್ಬರು ಸರಿದು ಬಂದರು. ಐದಕ್ಕೆ ನಾಲ್ಕನೆಯವನು. ಮೈಲಾರೆಪ್ಪ ಒಬ್ಬನೇ ಹಲ್ಲು ಕಚ್ಚಿ ಕೂತಿದ್ದ.

“ಏ, ಕರಾರ ಮರತ್ರೇನ್ರೋ!” ಎಂದು ಗದರಿದ. ಇವರು ಕೇಳುವ ಸ್ಥಿತಿಯಲ್ಲಿರಲಿಲ್ಲ. “ಅಯ್ಯಯ್ಯೋ, ಆ ಮೂಲ್ಯಾಗ ಐತೋ... ಅತ್ತಾಗ ಹೋಗಬ್ಯಾಡೋ ಬಾಬಾಜಾನ!” ಎಂದು ಒಬ್ಬರ ಹೆಗಲನ್ನು ಒಬ್ಬರು ಹಿಚುಕುತ್ತಿದ್ದರು. ಗಿರಾಕಿ ಇನ್ನೂ ಮುಖ ತೋರಿಸಿರಲಿಲ್ಲ. ಆ ದಿನ ಬಾಬಾಜಾನ ಎಷ್ಟು ನಿಧಾನವಾಗಿ ನಡೆದನೆಂದರೆ, ಅದು ಪ್ರತಿ ಸಲ ಅರ್ಧ ದಾರಿಗೆ ಬಂದು ವಾಪಸು ಹೋಗುತ್ತಿತ್ತು. ಏಳು. ಎಂಟು. ಎಂಟನೆಯ ಬಾಗಿಲು ತೆರೆಯುವಾಗ ಮೈಲಾರೆಪ್ಪನೂ ಎದ್ದು ಬಂದು ಎಲ್ಲರ ಮುಂದೆ ಕೂತ.

ಒಂಬತ್ತನೆಯ ಬಾಗಿಲು. ಟುಂಕ್ ನಿಂತೇಹೋಯಿತು. ಸದ್ದಿಲ್ಲದ ಓಣಿಯಲ್ಲಿ ಬಾಬಾಜಾನ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಧಡಕ್ಕನೆ ಬಂತು ನೋಡಿ, ಅಲ್ಲಿಯವರೆಗೆ ಕಂಡದ್ದರ ಎರಡು ಪಟ್ಟು, ಈ ಸಲ ಬಾಯಿಯೊಳಗೆ ಹಲ್ಲುಗಳೂ ಇದ್ದವು!

ಐದು ಜನ ದಲಾಲಿಗಳು ಒಂದೇ ಬಾಯಲ್ಲಿ ಬೊಬ್ಬೆ ಹೊಡೆದರು. ಇಬ್ಬರು ಶಟರಿನ ಕೆಳಗೆ ನುಸುಳಿ ರಸ್ತೆಗೆ ಬಿದ್ದರು. ಒಬ್ಬ ತನ್ನ ಟೋಪಿಯಿಂದಲೇ ಮುಖ ಮುಚ್ಚಿಕೊಂಡ. ಇನ್ನೊಬ್ಬ ಅವನ ಬೆನ್ನ ಹಿಂದೆ ಅಡಗಿದ. ಕುಪ್ಪೇಲೂರಿನ ಮೈಲಾರೆಪ್ಪ ನನ್ನ ಕೆಲಸದ ಮೇಜಿನ ಕೆಳಗೆ ತಲೆ ತೂರಿಸಿ, ನನ್ನ ಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡ.

ಅಷ್ಟರಲ್ಲಿ ಪರದೆ ಪೂರ್ತಿ ಕಪ್ಪಾಯಿತು. ಆ ಕಪ್ಪು ಗಾಜಿನಲ್ಲಿ ನನಗೆ ಬಾಬಾಜಾನನ ಮುಖ ಕಂಡಿತು. ಬಾಯಿ ತೆರೆದಿತ್ತು, ಹುಬ್ಬುಗಳು ಟೋಪಿಯೊಳಗೆ ಹೋಗಿದ್ದವು, ಕೆನ್ನೆ ಗಡಗಡ ನಡುಗುತ್ತಿತ್ತು. ಹದಿನೆಂಟು ವರ್ಷ ಅದುಮಿ ಇಟ್ಟದ್ದೆಲ್ಲ ಒಂದೇ ಸಲ ಹೊರಗೆ ಬಂದಿತ್ತು. ಟವೆಲ್ ಮಾತ್ರ ಅಲುಗಲಿಲ್ಲ. ಅದರಡಿಯ ಬೆರಳುಗಳು ಇದ್ದಲ್ಲೇ ಇದ್ದವು.

ಪರದೆ ಬೆಳ್ಳಗಾಯಿತು. ಅಲುಗದ ಕೈಗೆ ಬೇಸತ್ತು ಗಿರಾಕಿ ಹೋಗಿತ್ತು, ದೀಪ ಹತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಮನೆಯ ದಾರಿ ತೆರೆದಿದೆ ಎಂದು.

ದಲಾಲಿಗಳು ಒಬ್ಬೊಬ್ಬರಾಗಿ ಒಳಗೆ ಬಂದು ಧೋತರ ಝಾಡಿಸಿಕೊಂಡರು. ಅಷ್ಟರಲ್ಲಿ ಬಾಬಾಜಾನನ ಮುಖ ತನ್ನ ಹಳೆಯ ಜಾಗಕ್ಕೆ ಬಂದು ಕೂತಿತ್ತು. ಮೈಲಾರೆಪ್ಪ ನನ್ನ ಕಾಲು ಬಿಟ್ಟು ಎದ್ದ.

“ಹಡಗ ದಾಟಿಸಿದಿ, ಖರೇ. ಆದ್ರ ಮಾರಿ? ಮಾರಿ ಯಾರ ನೋಡಿದ್ರು?”

ಯಾರೂ ನೋಡಿರಲಿಲ್ಲ. ನನ್ನನ್ನು ಕೇಳಲಿಲ್ಲ, ನಾನು ಹಿಂದೆ ಇದ್ದೆನಲ್ಲ. ಕೇಳಿದ್ದರೆ ನನ್ನ ಬಾಯಿಯ ಗತಿ ಏನಾಗುತ್ತಿತ್ತೋ. ಎಲ್ಲರ ಕಣ್ಣೂ ಟಿ.ವಿ.ಯ ಪಕ್ಕ ಕೂತಿದ್ದವಳ ಮೇಲೆ ಹೋದವು. ಇಡೀ ಹೊತ್ತು ಬಾಬಾಜಾನನ ಮುಖ ನೋಡುತ್ತಿದ್ದವಳು ಅವಳೊಬ್ಬಳೇ.

“ನೀವ ಹೇಳ್ರಿ ಬೇಗಂ. ಅಲ್ಲಾನ ಮ್ಯಾಲ ಆಣಿ ಮಾಡ್ರಿ ಅಂತ ನಾ ಕೇಳೂದಿಲ್ಲ. ನೋಡಿದ್ದು ಹೇಳ್ರಿ ಸಾಕು. ಅಳ್ಳಾಡ್ತೋ ಇಲ್ಲೋ?” ಎಂದ ಮೈಲಾರೆಪ್ಪ.

ಹಾವೇರಿ ಸಂತೆ, ಹದಿನೆಂಟು ವರ್ಷದ ದಲಾಲಿಕೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ ಬಂದು ನಿಂತವು. ಬಾಬಾಜಾನ ನೆಲ ನೋಡುತ್ತಿದ್ದ. ಮಹಮೂದಾಬೇಗಂ ವೈರು ಬಿಟ್ಟು ನಿಧಾನವಾಗಿ ಎದ್ದಳು, ಸೆರಗು ಸರಿ ಮಾಡಿಕೊಂಡಳು. ಹನ್ನೊಂದು ದಿನ ನಕ್ಕ ಮುಖ ಅದಲ್ಲವೇ ಅಲ್ಲ. ಹುಬ್ಬಿಲ್ಲ, ತುಟಿಯಿಲ್ಲ, ಒಂದು ಕದಲಿಕೆ ಇಲ್ಲ. ಬಾಬಾಜಾನನೇ ಸೀರೆ ಉಟ್ಟು ನಿಂತಿದ್ದಾನೆ ಎನಿಸಿತು.

“ಏನ ಅಳ್ಳಾಡೂದು?” ಎಂದಳು. “ಮನ್ಯಾಗ ಹೆಂಗ ಇರತೈತೋ ಹಂಗ ಇತ್ತು.”

ಮೈಲಾರೆಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಮುಖ ಓದುವುದು ಅವನ ಕಸುಬು. ಅಲ್ಲಿ ಓದಲು ಒಂದು ಅಕ್ಷರವೂ ಸಿಗಲಿಲ್ಲ. “ಆತು ಬಿಡ್ರಿ” ಎಂದು ಕೈ ಮುಗಿದು, ಬಾಬಾಜಾನನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಉಳಿದವರನ್ನು ಕರೆದುಕೊಂಡು ಹೋದ. ಆಮೇಲೆ ಹಾವೇರಿ ಸಂತೆಯಲ್ಲಿ ಯಾರೂ ಟುಂಕ್ ಎನ್ನಲಿಲ್ಲ. ಯಾರಾದರೂ ಎಂದಿದ್ದರೆ ಮೈಲಾರೆಪ್ಪನೇ ಮೊದಲು ಬೆಚ್ಚುತ್ತಿದ್ದ.

ಅಂಗಡಿಯಲ್ಲಿ ನಾವು ಮೂವರೇ ಉಳಿದೆವು. ಮಹಮೂದಾಬೇಗಂ ಏನೂ ನಡೆದೇ ಇಲ್ಲವೆಂಬಂತೆ ಡಬ್ಬಿ ಬಿಚ್ಚಿ ಗಂಡನ ಮುಂದೆ ರೊಟ್ಟಿ, ಬೇಳೆಸಾರು ಇಟ್ಟಳು. ಬಾಬಾಜಾನ ಒಂದು ತುತ್ತು ಬಾಯಿಗಿಟ್ಟ. ಅಂದು ಅವನ ಮುಖದ ಬಿಗಿ ಎಲ್ಲೋ ಸಡಿಲಾಗಿರಬೇಕು. ಕಣ್ಣು ಮುಚ್ಚಿತು, ಮೂಗು ಮುದುಡಿತು, ತುಟಿ ಕಿವಿಯ ಕಡೆ ಹೋಯಿತು.

“ಬೇಗಂ... ಉಪ್ಪು!”

ಮಹಮೂದಾಬೇಗಂ ಚಪ್ಪಾಳೆ ತಟ್ಟಿದಳು. “ಅಂತೂ ಅಂದ್ರಿ! ಲಗ್ನ ಆಗಿ ನಾಕ ದಿನಕ್ಕ ಸುರು ಮಾಡೇನಿ. ಇವತ್ತ ಏನರ ಅಂತಾರೇನು, ನಾಳಿ ಏನರ ಅಂತಾರೇನು ಅಂತ ದಿನಾ ಮುಷ್ಟಿ ಮುಷ್ಟಿ ಹಾಕೇನಿ. ಹುಡುಗೂರಿಗೆ ಬ್ಯಾರೆ ಗಡಗಿ, ನಿಮಗ ಬ್ಯಾರೆ ಗಡಗಿ. ಹದಿನಾಲ್ಕ ವರ್ಷ! ಒಂದ ಸಲನರ ಮಾರಿ ಕಿವಿಚಿದ್ರೇನು ನೀವು?”

ಬಾಬಾಜಾನ ತುತ್ತು ನುಂಗಿ ಅವಳನ್ನೇ ನೋಡಿದ.

“ನಿನ್ನ ಕೈನ ಹಂಗ ಐತಿ ಅಂತ ತಿಳದಿದ್ದೆ” ಎಂದ ಮೆಲ್ಲಗೆ. “ಏನರ ಅಂದ್ರ ನಿನಗ ಕೆಟ್ಟ ಅನಸ್ತೈತಿ ಅಂತ ಸುಮ್ಮನ ಉಂಡೆ.”

ಐದು ದಲಾಲಿಗಳ ಮುಂದೆ ಅಲುಗದ ಅವಳ ಮುಖ ಆಗ ಅಲುಗಿತು. ಮೊದಲು ಗಲ್ಲ, ಆಮೇಲೆ ತುಟಿ, ಆಮೇಲೆ ಕಣ್ಣು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ನೋಡುತ್ತ ನಿಲ್ಲುವುದು ಸರಿಯಲ್ಲವೆಂದು ಶಟರು ಎತ್ತಿ ಹೊರಗೆ ಹೋದೆ. ಎದುರಿನ ಚಹದಂಗಡಿಯಿಂದ ಮೂರು ಪ್ಲೇಟು ಮಂಡಕ್ಕಿ ಗಿರಮಿಟ್ಟು ಕಟ್ಟಿಸಿಕೊಂಡು ಬಂದೆ. ಆ ಸಾರನ್ನು ಮನುಷ್ಯರು ತಿನ್ನುವುದು ಬೇಡ, ಇವತ್ತಾದರೂ ಬಾಬಾಜಾನ ಒಂದು ರುಚಿಯಾದ ತುತ್ತು ತಿನ್ನಲಿ ಎಂದು ಅವನ ಕೈಗೆ ಮೊದಲ ಪ್ಲೇಟು ಕೊಟ್ಟೆ.

ಅವನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದ. ಮತ್ತೆ ಮುಖ ಕಿವುಚಿದ.

“ಸಪ್ಪಗೈತಲ್ಲೋ ಜಟ್ಟೆಪ್ಪ” ಎಂದು ಪ್ಲೇಟು ಪಕ್ಕಕ್ಕಿಟ್ಟು, ಸಾರಿನ ಡಬ್ಬಿ ಹತ್ತಿರ ಎಳೆದುಕೊಂಡ.